ವಿರಳ ವ್ಯಾಧಿಗಳ ಲೆಕ್ಕವೂ ಮನೆತನದ ಮಾನವೂ

ಗಂಗಾವಳಿ ನದಿಯು ಕಡಲನ್ನು ಕೂಡುವಲ್ಲಿ, ಅದರ ಬಡಗು ದಂಡೆಯ ಮೇಲೆ, ಅಂಕೋಲಾ ತಾಲೂಕಿನ ಮಂಜಗುಣಿ ಎಂಬ ಊರಿರುವದು. ಹೊಳೆಯ ಆಚೆಯ ದಂಡೆ ಕುಮಟಾ ತಾಲೂಕಿಗೆ ಸೇರಿದ್ದು. ಹೊಳೆ ದಾಟುವದಕ್ಕೆ ತಾರಿಯ ದೋಣಿಯೊಂದೇ ಗತಿಯಾಗಿದ್ದ ದಿನಗಳಲ್ಲಿ, ಯಾರ ಮನೆಯ ಕೂಸನ್ನು ಯಾವ ದವಾಖಾನೆಗೆ ಒಯ್ದರೆಂಬುದು ದೋಣಿ ಆಚೆಯ ದಡ ಮುಟ್ಟುವ ಮೊದಲೇ ಈಚೆಯವರಿಗೆಲ್ಲ ತಿಳಿದುಹೋಗುತ್ತಿತ್ತು. ಊರು ಚಿಕ್ಕದಾದಲ್ಲಿ ಗುಟ್ಟು ನಿಲ್ಲುವದು ಕಷ್ಟ. ಮಂಜಗುಣಿಯವರನ್ನು ಹಳಿಯುವದಕ್ಕಾಗಿ ನಾವು ಈ ಮಾತನ್ನು ಹೇಳುತ್ತಿಲ್ಲ. ಕರಾವಳಿಯ ಯಾವ ಕೇರಿಯ ಮಾತೂ ಇದೇ. ದೊಡ್ಡ ಪಟ್ಟಣಗಳಲ್ಲಿ ಗಣಕಯಂತ್ರದ ಮುಂದೆ ಕುಳಿತು ರೋಗಿಗಳ ಪಟ್ಟಿಗಳನ್ನು ಒಂದಕ್ಕೊಂದು ಜೋಡಿಸಹೊರಟಿರುವ ಪಂಡಿತರು ಈ ಸಂಗತಿಯನ್ನು ಮರೆಯಬಾರದೆಂಬುದಕ್ಕಾಗಿ ಬರೆಯಬೇಕಾಯಿತು.

ಪಟ್ಟಿಗಳನ್ನು ಜೋಡಿಸುವದು ಬೇಡವೆಂಬುದು ನಮ್ಮ ಅಭಿಪ್ರಾಯವಲ್ಲ. ಅದು ಅವಶ್ಯವಾಗಿ ಆಗಬೇಕಾದ ಕೆಲಸ. ಲೋಕದಲ್ಲಿ ಆರು ಸಾವಿರದಿಂದ ಎಂಟು ಸಾವಿರದವರೆಗೆ ವಿರಳ ವ್ಯಾಧಿಗಳಿರುವವೆಂದು ವೈದ್ಯರು ಎಣಿಸಿರುವರು. ಅವುಗಳಲ್ಲಿ ಬಹುಪಾಲು ರಕ್ತಸಂಬಂಧದಿಂದ ಇಳಿದುಬರತಕ್ಕವು. ನೂರಕ್ಕೆ ಐದರಷ್ಟಕ್ಕೂ ಸರಿಯಾದ ಔಷಧವಿಲ್ಲ. ಯುರೋಪದವರು ಹತ್ತು ಸಾವಿರ ಜನರಲ್ಲಿ ಐವರಿಗಿಂತ ಕಡಿಮೆ ಮಂದಿಗೆ ಬರುವ ರೋಗವನ್ನು ವಿರಳವೆಂದು ಕರೆಯುವರು. ನಮ್ಮ ದೇಶದಲ್ಲಿ ಅಂಥ ಒಂದು ವ್ಯಾಖ್ಯೆಯೂ ಇಲ್ಲ. 2021ರ ಮಾರ್ಚದಲ್ಲಿ ಕೇಂದ್ರ ಸರಕಾರವು ಒಪ್ಪಿದ ವಿರಳ ವ್ಯಾಧಿಗಳ ರಾಷ್ಟ್ರೀಯ ಧೋರಣೆಯು ಇದಕ್ಕೆ ಕೊಟ್ಟ ಕಾರಣವು ಗಮನಿಸತಕ್ಕದ್ದು: ಲೆಕ್ಕವಿಲ್ಲದ ಕಾರಣ ವ್ಯಾಖ್ಯೆ ಮಾಡಲಾಗಲಿಲ್ಲವಂತೆ. ಎಷ್ಟು ಜನರಿಗೆ ಯಾವ ರೋಗವಿದೆಯೆಂಬುದು ತಿಳಿಯದೆ ಸರಕಾರವು ಹಣವನ್ನು ಹೇಗೆ ಎತ್ತಿಡಬೇಕು? ಔಷಧದ ಕಂಪನಿಯವರು ಯಾವ ಭರವಸೆಯಿಂದ ಪ್ರಯೋಗಕ್ಕೆ ಕೈಹಾಕಬೇಕು? ಒಂದು ದವಾಖಾನೆಯಲ್ಲಿ ಒಬ್ಬ, ಇನ್ನೊಂದರಲ್ಲಿ ಇಬ್ಬರು, ಮೂರನೆಯದರಲ್ಲಿ ಯಾರೂ ಇಲ್ಲ. ಇವರನ್ನೆಲ್ಲ ಒಂದೆಡೆಗೆ ಕೂಡಿಸಿ ನೋಡಿದ ಹೊರತು ರೋಗದ ಗತಿಯೇ ಅರ್ಥವಾಗುವದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು 2017ರಲ್ಲಿ ನೋಂದಣಿಯನ್ನು ಆರಂಭಿಸಿದ್ದು ಇದಕ್ಕಾಗಿಯೇ. 2022ರಲ್ಲಿ ರೋಗಿಯೊಬ್ಬನಿಗೆ ಐವತ್ತು ಲಕ್ಷ ರೂಪಾಯಿಗಳವರೆಗೆ ನೆರವು ಕೊಡುವದಾಗಿ ಸರಕಾರವು ಸಾರಿದಾಗ, ಗೊತ್ತುಪಡಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲೊಂದರಲ್ಲಿ ಹೆಸರು ದಾಖಲಾಗಬೇಕೆಂಬ ನಿಯಮವೂ ಜೊತೆಗಿತ್ತು. ನಮ್ಮ ನಾಡಿಗೆ ಅಂಥ ಕೇಂದ್ರವು ಬೆಂಗಳೂರಿನಲ್ಲಿ.

ಇನ್ನು ನಮ್ಮ ಜಿಲ್ಲೆಯ ಸ್ಥಿತಿಯನ್ನು ನೋಡೋಣ. ಉತ್ತರ ಕನ್ನಡದವರು ಸುಸಜ್ಜಿತವಾದ ದೊಡ್ಡ ಆಸ್ಪತ್ರೆಗಾಗಿ ಎಷ್ಟು ವರ್ಷಗಳಿಂದ ಕೂಗುತ್ತಿರುವರೆಂಬುದನ್ನು ವಾಚಕರು ಬಲ್ಲರು. 2022ರ ಜುಲೈಯಲ್ಲಿ ಹೊನ್ನಾವರದ ಕಡೆಯಿಂದ ರೋಗಿಯನ್ನು ಕರೆದುಕೊಂಡು ಧಾವಿಸುತ್ತಿದ್ದ ಆಂಬುಲೆನ್ಸು ಉಡುಪಿ ಜಿಲ್ಲೆಯ ಶಿರೂರಿನ ಟೋಲ್ ನಾಕೆಗೆ ಬಡಿದು ನಾಲ್ವರು ಸತ್ತಾಗ ಆ ಕೂಗು ಇನ್ನಷ್ಟು ಗಟ್ಟಿಯಾಯಿತು. ಅದು ಬೇರೆಯೇ ಒಂದು ಲೇಖನಕ್ಕೆ ವಸ್ತು. ಇಲ್ಲಿ ಹೇಳಬೇಕಾದುದಿಷ್ಟೇ: ಕಠಿಣ ರೋಗ ಬಂದ ಅಂಕೋಲೆಯವನು ಒಂದೇ ದಾರಿಯಲ್ಲಿ ಹೋಗುವದಿಲ್ಲ. ಮೊದಲು ತಾಲೂಕಿನ ಆಸ್ಪತ್ರೆ, ಆಮೇಲೆ ಕಾರವಾರ. ಅಲ್ಲಿಂದ ತೆಂಕಣಕ್ಕೆ ಮಣಿಪಾಲ ಅಥವಾ ಮಂಗಳೂರು, ಬಡಗಣಕ್ಕೆ ಗೋವೆಯ ಬಾಂಬೋಲಿ, ಘಟ್ಟ ಹತ್ತಿದರೆ ಹುಬ್ಬಳ್ಳಿ, ಕೊನೆಗೆ ಬೆಂಗಳೂರು. ಎರಡು ರಾಜ್ಯಗಳ ಆರು ದವಾಖಾನೆಗಳಲ್ಲಿ ಆರು ನಂಬರುಗಳು, ಆರು ಕಡತಗಳು. ಮಗುವಿನ ಸ್ನಾಯುಗಳು ಮೂರನೆಯ ವರ್ಷದಲ್ಲಿ ಹೇಗಿದ್ದವೆಂಬುದು ಒಂದು ಕಡತದಲ್ಲಿ. ಏಳನೆಯ ವರ್ಷದಲ್ಲಿ ಅದು ಏಕೆ ಎಡವತೊಡಗಿತೆಂಬುದು ಇನ್ನೊಂದರಲ್ಲಿ. ತಾಯಿ ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತುಕೊಂಡು ತಿರುಗುವ ಕಾಗದದ ಕಟ್ಟೇ ಈ ಆರು ದಫ್ತರಗಳಿಗೆ ಏಕಮಾತ್ರ ಸೇತುವೆ. ಆ ಚೀಲ ಮಳೆಗಾಲದಲ್ಲಿ ನೆನೆದರೆ ಮಗುವಿನ ಚರಿತ್ರೆಯೇ ನೆನೆಯಿತು.

ಕಡತಗಳನ್ನು ಹೆಸರಿನಿಂದ ಹುಡುಕಿ ಜೋಡಿಸಬಹುದಲ್ಲವೇ ಎಂದು ಯಾರಾದರೂ ಕೇಳಿಯಾರು. ಕೇಳುವವರು ನಮ್ಮ ಸೀಮೆಯವರಾಗಿರಲಾರರು. ಅಂಕೋಲೆಯಲ್ಲಿ ಎಷ್ಟು ಮಂದಿ ನಾಯಕರು, ಎಷ್ಟು ಮಂದಿ ಗೌಡರು, ಎಷ್ಟು ಮಂದಿ ಹರಿಕಂತ್ರರು! ಅದೇ ಹೆಸರು, ಅದೇ ತಂದೆಯ ಹೆಸರು, ಅದೇ ಅಡ್ಡಹೆಸರು. ಮೇಲಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬ ಗುಮಾಸ್ತನು ನಾಯಕ್ ಎಂದರೆ ಇನ್ನೊಬ್ಬನು ನಾಯ್ಕ ಎನ್ನುವನು. ಗೋವೆಯಲ್ಲಿ ನಾಯಿಕನಾದರೂ ಆಶ್ಚರ್ಯವಿಲ್ಲ. ಊರಿನ ಹೆಸರೂ ಸುರಕ್ಷಿತವಲ್ಲ. ಅಂಕೋಲೆಯ ಮಂಜಗುಣಿ ಒಂದು. ವೆಂಕಟರಮಣ ದೇವರ ಕ್ಷೇತ್ರವಾದ ಶಿರಸಿಯ ಮಂಜುಗುಣಿ ಇನ್ನೊಂದು. ಒಂದು ಕಡಲ ದಡದಲ್ಲಿ, ಇನ್ನೊಂದು ಘಟ್ಟದ ಮೇಲೆ. ಪರದೇಶದ ಲಿಪಿಯಲ್ಲಿ ಎರಡೂ ಒಂದೇ ಆಗಿಬಿಡುವವು. ಹೀಗೆ ಇಬ್ಬರು ರೋಗಿಗಳು ಒಬ್ಬನಾಗುವದೂ ಒಬ್ಬನೇ ರೋಗಿ ಮೂವರಾಗುವದೂ ಸಹಜ. ಸಾಮಾನ್ಯ ಜ್ವರದ ಲೆಕ್ಕದಲ್ಲಿ ಇಂಥ ತಪ್ಪು ಮುಚ್ಚಿಹೋದೀತು. ರಾಜ್ಯಕ್ಕೆಲ್ಲ ಒಂಬತ್ತು ಮಂದಿಗಿರುವ ರೋಗದಲ್ಲಿ ಒಬ್ಬನು ಮೂವರಾದರೆ ಲೆಕ್ಕವೇ ಸುಳ್ಳಾಗುವದು.

ಹಾಗಾದರೆ ಪ್ರತಿಯೊಬ್ಬನಿಗೂ ಒಂದು ಅಂಕಿಯನ್ನು ಕೊಟ್ಟುಬಿಡೋಣವೆಂದು ಸರಕಾರದವರು ಹೇಳುವರು. 2021ರ ಸಪ್ಟಂಬರದಲ್ಲಿ ದೇಶಕ್ಕೆಲ್ಲ ವಿಸ್ತರಿಸಿದ ಆರೋಗ್ಯ ಯೋಜನೆಯ ಹದಿನಾಲ್ಕು ಅಂಕಿಗಳ ಆಭಾ ಚೀಟಿ ಅದಕ್ಕಾಗಿಯೇ ಬಂದುದು. ರೋಗಿಯ ಚಿಕಿತ್ಸೆಗೆ ಅದು ಉಪಯೋಗವೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೈದ್ಯನು ರೋಗಿಯನ್ನು ಗುರುತಿಸುವ ಅಂಕಿಯೇ ಸಂಶೋಧಕನ ಪಟ್ಟಿಯಲ್ಲಿಯೂ, ಸಹಾಯಧನದ ಕಚೇರಿಯಲ್ಲಿಯೂ, ವಿಮೆಯವನ ಮೇಜಿನ ಮೇಲೆಯೂ ಇದ್ದರೆ, ಆ ಅಂಕಿಯು ಹಣೆಯ ಮೇಲೆ ಬರೆದ ಹೆಸರೇ ಸರಿ. ದಿಲ್ಲಿಯ ಏಮ್ಸ್ ಆಸ್ಪತ್ರೆಯ ಗಣಕಯಂತ್ರಗಳೊಳಗೆ 2022ರ ನವೆಂಬರದಲ್ಲಿ ಕಳ್ಳರು ನುಗ್ಗಿದಾಗ ಸುಮಾರು ಎರಡು ವಾರಗಳ ಕಾಲ ಅಲ್ಲಿಯ ಕೆಲಸವು ಕಾಗದ ಪೆನ್ನುಗಳಿಂದ ನಡೆಯಬೇಕಾಯಿತು. ರಾಜಧಾನಿಯಲ್ಲೇ ಹೀಗಾದರೆ ಉಳಿದೆಡೆಯ ಮಾತೇನು?

ಇಲ್ಲಿ ಪಂಡಿತರು ಇನ್ನೊಂದು ಸಮಾಧಾನ ಹೇಳುವರು: ನಾವು ಹೆಸರನ್ನು ಅಳಿಸಿ ಉಳಿದುದನ್ನಷ್ಟೇ ಇಟ್ಟುಕೊಳ್ಳುವೆವು; ಹೆಸರಿಲ್ಲದ ಮೇಲೆ ಗುರುತೆಲ್ಲಿಯದು? ನಮ್ಮ ಮುಖ್ಯ ತಕರಾರಿರುವದು ಈ ಸಮಾಧಾನದ ಮೇಲೆಯೇ. ಅಮೇರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು ಹೀಗೆಯೇ ಹೆಸರಳಿಸಿ ಸಂಶೋಧಕರಿಗೆ ಕೊಟ್ಟಿದ್ದರು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಲಟಾನ್ಯಾ ಸ್ವೀನಿ ಎಂಬವರು 1997ರ ಸುಮಾರಿಗೆ ಇಪ್ಪತ್ತು ಡಾಲರು ತೆತ್ತು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯನ್ನು ಕೊಂಡು ಎರಡನ್ನೂ ಹೋಲಿಸಿ ನೋಡಿದರು. ಆ ಸಂಸ್ಥಾನದ ಗವರ್ನರ ವಿಲಿಯಂ ವೆಲ್ಡ್ ಎಂಬವರ ಹುಟ್ಟಿದ ದಿನವೇ ಹುಟ್ಟಿದವರು ಆ ಪಟ್ಟಿಯಲ್ಲಿ ಆರು ಮಂದಿ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆಯ ವಿಭಾಗದಲ್ಲಿದ್ದವನು ಒಬ್ಬನೇ. ಗವರ್ನರರ ಆಸ್ಪತ್ರೆಯ ಕಡತವು ಹೀಗೆ ಬಯಲಿಗೆ ಬಂತು. ಆ ಪಟ್ಟಿಯಲ್ಲಿದ್ದ ಮತದಾರರು ಐವತ್ತು ಸಾವಿರಕ್ಕೂ ಮೇಲೆ. ಮಂಜಗುಣಿಯಂಥ ಊರಲ್ಲಿ ಅಷ್ಟು ಶ್ರಮವೂ ಬೇಡ. "ಅಂಕೋಲಾ ತಾಲೂಕು, ಹೊಳೆಯ ಮುಖದ ಊರು, ಹನ್ನೆರಡು ವರ್ಷದ ಹುಡುಗ, ನಡೆಯಲಾರ, ತಂದೆ ಮೀನುಗಾರ" ಎಂದು ಬರೆದರೆ ಸಾಕು, ಯಾವ ಪಟ್ಟಿಯನ್ನೂ ಕೊಳ್ಳದೆ ಮೀನುಪೇಟೆಯಲ್ಲಿ ನಿಂತವರು ಮನೆಯನ್ನು ತೋರಿಸುವರು. ರೋಗವು ವಿರಳವಾದಷ್ಟೂ, ಊರು ಚಿಕ್ಕದಾದಷ್ಟೂ, ರೋಗದ ಹೆಸರೇ ರೋಗಿಯ ಹೆಸರಾಗುವದು.

ಊರಿನ ಹೆಸರು ಹೊರಬಿದ್ದರೆ ಏನಾಗುವದೆಂಬುದಕ್ಕೆ ಉದಾಹರಣೆಯು ನಮ್ಮ ನೆರೆಯಲ್ಲಿಯೇ ಇದೆ. ಘಟ್ಟದ ಮೇಲೆ, ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನಲ್ಲಿ ಹಂದಿಗೋಡು ಎಂಬ ಹಳ್ಳಿ. 1970ರ ದಶಕದ ನಡುವಿನಲ್ಲಿ ಅಲ್ಲಿಯ ಕೆಲವು ಬಡ ಕುಟುಂಬಗಳಲ್ಲಿ ಸೊಂಟ ಮೊಳಕಾಲುಗಳ ಕೀಲುಗಳು ಸವೆದು, ನೋವಿನಿಂದ ನಡೆಯಲಾಗದ ರೋಗವು ವೈದ್ಯರ ಕಣ್ಣಿಗೆ ಬಿತ್ತು. ಗದ್ದೆಗೆ ಹೊಡೆದ ಕೀಟನಾಶಕವು ಏಡಿಗಳ ಮೂಲಕ ಹೊಟ್ಟೆ ಸೇರಿತೆಂದು ಮೊದಲು ಸಂದೇಹಪಟ್ಟರು. ಆಮೇಲಿನ ಸಂಶೋಧನೆಗಳಿಂದ, ಅದು ತಂದೆತಾಯಿಗಳಲ್ಲಿ ಒಬ್ಬರಿಂದಲೇ ಮಕ್ಕಳಿಗೆ ಇಳಿಯಬಲ್ಲ ಮೂಳೆಯ ದೋಷವೆಂದು ಗೊತ್ತಾಯಿತು. ಅಷ್ಟರಲ್ಲಿ ರೋಗಕ್ಕೆ ಹಂದಿಗೋಡು ಕಾಯಿಲೆಯೆಂದೇ ನಾಮಕರಣವಾಗಿಹೋಗಿತ್ತು. ಸುತ್ತಲಿನ ತಾಲೂಕುಗಳ ಬೇರೆ ಹಳ್ಳಿಗಳಲ್ಲಿಯೂ ಈ ರೋಗವಿದ್ದರೂ ಹೆಸರಿನ ಭಾರವನ್ನು ಹೊತ್ತದ್ದು ಒಂದೇ ಊರು. ಯಾವ ಪಂಗಡಗಳಲ್ಲಿ ಅದು ಕಾಣುವದೆಂಬುದನ್ನೂ ಪತ್ರಿಕೆಗಳು, ನಮ್ಮ ವೃತ್ತಿಬಾಂಧವರು, ಮತ್ತೆ ಮತ್ತೆ ಅಚ್ಚು ಹಾಕಿದರು. ಆ ಪಂಗಡಗಳ ಹೆಸರನ್ನು ನಾವು ಇಲ್ಲಿ ಬೇಕೆಂದೇ ಬರೆಯುವದಿಲ್ಲ. ಸೊರಬ ತಾಲೂಕಿನ ಕ್ಯಾಸನೂರಿಗೂ 1957ರಿಂದ ಇದೇ ಗತಿ. ಮಂಗನ ಕಾಯಿಲೆಯ ಇಂಗ್ಲಿಷಿ ಹೆಸರಿನಲ್ಲಿ ಆ ಊರು ಲೋಕದ ಪುಸ್ತಕಗಳಲ್ಲೆಲ್ಲ ಸೇರಿಹೋಯಿತು. ಊರಿನ ಹೆಸರನ್ನು ರೋಗಕ್ಕಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚನೆ ಹೊರಡಿಸಿದ್ದು 2015ರಲ್ಲಿ. ಹಂದಿಗೋಡಿನವರಿಗೆ ಅದು ನಾಲ್ವತ್ತು ವರ್ಷ ತಡವಾಯಿತು.

ಗುಟ್ಟು ಕಾಯಬೇಕೆಂಬುದು ಬರಿಯ ನಾಚಿಕೆಯ ಮಾತಲ್ಲ. ಇಳಿದುಬರುವ ರೋಗದ ಕಡತವು ಒಬ್ಬನ ಕಡತವಲ್ಲ. ಅಣ್ಣನ ರಕ್ತದಲ್ಲಿ ಕಂಡ ದೋಷವು ತಂಗಿಯ ರಕ್ತದಲ್ಲಿಯೂ ಇರಬಹುದೆಂದು ಅದು ಸಾರುವದು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ನಾಡಿನಲ್ಲಿ ಅದು ಇಡೀ ಬಳಗದ ಜಾತಕ. ತಂಗಿಗೆ ಗಂಡು ಗೊತ್ತಾಗುವವರೆಗೆ ಹುಡುಗನನ್ನು ದವಾಖಾನೆಗೆ ಕರೆದೊಯ್ಯುವದೇ ಬೇಡವೆಂದು ಮನೆಯ ಹಿರಿಯರು ನಿಶ್ಚಯಿಸಿದರೆ ನಾವು ಅವರನ್ನು ಕ್ರೂರಿಗಳೆನ್ನಬೇಕೇ? ಗುಟ್ಟು ಉಳಿಯುವದೆಂಬ ನಂಬಿಕೆಯಿಲ್ಲದಲ್ಲಿ ಜನರು ರೋಗವನ್ನೇ ಬಚ್ಚಿಡುವರು. ಬಚ್ಚಿಟ್ಟ ರೋಗವು ಯಾವ ನೋಂದಣಿಯಲ್ಲಿಯೂ ಬರುವದಿಲ್ಲ. ವಂಶದ ರೋಗದ ಕಾರಣಕ್ಕಾಗಿ ಕೆಲಸವನ್ನೋ ವಿಮೆಯನ್ನೋ ನಿರಾಕರಿಸಬಾರದೆಂಬ ಪ್ರತ್ಯೇಕ ಕಾಯದೆಯು ನಮ್ಮಲ್ಲಿ ಇಲ್ಲದಿರುವದರಿಂದ ಅವರ ಅಂಜಿಕೆಯು ನಿರಾಧಾರವೆನ್ನುವಂತೆಯೂ ಇಲ್ಲ.

ಹಾಗೆಂದು ಎಲ್ಲ ಗುರುತುಗಳನ್ನೂ ಸುಟ್ಟುಬಿಡುವದೇ ಲೇಸೆನ್ನುವವರನ್ನು ನಾವು ಒಪ್ಪಲಾರೆವು. ಇಂದು ಔಷಧವಿಲ್ಲದ ರೋಗಕ್ಕೆ ನಾಳೆ ಔಷಧ ಬಂದೀತು. ಬೆನ್ನುಹುರಿಯ ನರಗಳು ಸೊರಗಿ ಎಳೆಯ ಕೂಸುಗಳನ್ನು ಬಲಿ ತೆಗೆದುಕೊಳ್ಳುವ ಎಸ್‌ಎಂಎ ರೋಗಕ್ಕೆ 2016ರವರೆಗೆ ಮಂಜೂರಾದ ಔಷಧ ಒಂದೂ ಇರಲಿಲ್ಲ. ಆ ಬಳಿಕ ಒಂದರ ಹಿಂದೊಂದರಂತೆ ಮೂರು ಬಂದವು. ಅಂಥ ದಿನ ಬಂದಾಗ, ಗುರುತು ಸುಟ್ಟ ಪಟ್ಟಿಯನ್ನು ಹಿಡಿದುಕೊಂಡು ಯಾರ ಬಾಗಿಲನ್ನು ತಟ್ಟುವದು? ಹಿಂದಿರುಗಿ ಬರುವ ದಾರಿಯೊಂದು ಇರಲೇಬೇಕು. ಆದರೆ ಆ ದಾರಿಯಲ್ಲಿ ಎಲ್ಲರೂ ನಡೆಯುವಂತಿರಬಾರದು.

ಇದಕ್ಕೆ ಉಪಾಯವಿಲ್ಲದಿಲ್ಲ. ಸರಕಾರಿ ಖಜಾನೆಯ ವ್ಯವಸ್ಥೆಯನ್ನು ನಮ್ಮ ಅಧಿಕಾರಿ ವಾಚಕರು ಬಲ್ಲರು. ಭದ್ರಕೋಣೆಗೆ ಎರಡು ಬೀಗ, ಎರಡು ಕೀಲಿಕೈಗಳು ಇಬ್ಬರ ಬಳಿ. ಒಬ್ಬನೇ ಬಂದರೆ ಬಾಗಿಲು ತೆರೆಯದು. ರೋಗಿಗಳ ದಾಖಲೆಗೂ ಹೀಗೆಯೇ ಮಾಡಬಹುದು. ದವಾಖಾನೆಯಲ್ಲಿ ರೋಗಿಯ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಮೊದಲಾದವುಗಳಿಂದ ಗಣಕಯಂತ್ರವು ಒಂದು ಸಂಕೇತವನ್ನು ಮಾಡುವದು. ಅದೇ ವ್ಯಕ್ತಿಯು ಮಣಿಪಾಲಕ್ಕೆ ಹೋದರೂ ಬಾಂಬೋಲಿಗೆ ಹೋದರೂ ಅದೇ ಸಂಕೇತವೇ ಹುಟ್ಟುವದು. ಸಂಕೇತದಿಂದ ಹೆಸರಿಗೆ ಹಿಂದಿರುಗುವ ಗಣಿತವಿಲ್ಲ. ಅಮೇರಿಕದಲ್ಲಿ ಆಟಿಸಮ್ ಕುರಿತಾದ ಸಂಶೋಧನೆಗಾಗಿ ಈ ರೀತಿಯನ್ನು ಬಳಸಿ, ಒಂದೇ ಮಗುವು ಬೇರೆಬೇರೆ ಪ್ರಯೋಗಶಾಲೆಗಳಲ್ಲಿ ಎರಡು ಸಲ ಎಣಿಕೆಯಾಗುವದನ್ನು ತಪ್ಪಿಸಿದರು. ಯುರೋಪದವರು 2017ರಲ್ಲಿ ವಿರಳ ವ್ಯಾಧಿಗಳಿಗಾಗಿ ಇಪ್ಪತ್ತನಾಲ್ಕು ವೈದ್ಯಕೂಟಗಳನ್ನು ಸ್ಥಾಪಿಸಿದ ಮೇಲೆ ಅವುಗಳ ನೋಂದಣಿಗಳಲ್ಲಿಯೂ ಹೆಸರಿನ ಬದಲು ಇಂಥ ಸಂಕೇತಗಳನ್ನು ಬಳಸತೊಡಗಿದರು.

ಇಷ್ಟಕ್ಕೇ ತೃಪ್ತರಾದರೆ ಮೋಸಹೋಗುವೆವು. ಒಂದೂರಿನ ಮತದಾರರ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಮನೆಮಂದಿಯ ಹೆಸರುಗಳನ್ನೆಲ್ಲ ಅದೇ ಯಂತ್ರಕ್ಕೆ ತಿನ್ನಿಸಿ, ಹುಟ್ಟಿದ ದಿನಗಳನ್ನು ಒಂದೊಂದಾಗಿ ಊಹಿಸಿ ನೋಡುತ್ತ ಹೋದರೆ ಯಾವ ಸಂಕೇತ ಯಾರದೆಂಬುದನ್ನು ಹಿಂಬಾಗಿಲಿನಿಂದ ಕಂಡುಹಿಡಿಯಬಹುದು. ಯಂತ್ರಕ್ಕೆ ದಣಿವಿಲ್ಲ. ಆದುದರಿಂದ ಸಂಕೇತವನ್ನು ಮಾಡುವಾಗ ಒಂದು ರಹಸ್ಯಪದವನ್ನು ಸೇರಿಸಬೇಕು. ಆ ರಹಸ್ಯಪದವು ದವಾಖಾನೆಯದೂ ಅಲ್ಲದ, ಸಂಶೋಧಕನದೂ ಅಲ್ಲದ ಮೂರನೆಯವರ ಬಳಿಯಲ್ಲಿರಬೇಕು. ಆ ಮೂರನೆಯವರಿಗೆ ರೋಗವು ಕಾಣಬಾರದು. ರೋಗವನ್ನು ನೋಡುವವರಿಗೆ ಹೆಸರು ಕಾಣಬಾರದು. ನಾಯಕ್, ನಾಯ್ಕ, ನಾಯಿಕ ಎಂಬ ತೊಡಕಿಗೂ ದಾರಿಯುಂಟು. ಜರ್ಮನಿಯ ಸಂಶೋಧಕರು 2009ರಲ್ಲಿ ತೋರಿಸಿದಂತೆ, ಹೆಸರನ್ನು ಎರಡೆರಡು ಅಕ್ಷರಗಳ ತುಂಡುಗಳಾಗಿ ಒಡೆದು ಪ್ರತಿ ತುಂಡಿಗೂ ಸಂಕೇತ ಮಾಡಿದರೆ, ಒಂದಕ್ಷರ ಆಚೀಚೆಯಾದರೂ ಎರಡು ಸಂಕೇತಗಳ ಹೋಲಿಕೆಯು ತಿಳಿಯುವದು. ಈ ಬೀಗವನ್ನೂ ಒಡೆಯುವ ಉಪಾಯಗಳನ್ನು ಆಮೇಲೆ ಬೇರೆ ಪಂಡಿತರು ಕಂಡುಹಿಡಿದರೆಂಬುದನ್ನೂ ಹೇಳದಿದ್ದರೆ ನಾವು ಅಪ್ರಾಮಾಣಿಕರಾದೇವು. ಬೀಗವೆಂದ ಮೇಲೆ ಆಗಾಗ ಬದಲಾಯಿಸಬೇಕಾದ ವಸ್ತು.

ಊರಿನ ಮಾತಂತೂ ಸ್ಪಷ್ಟವಾಗಿರತಕ್ಕದ್ದು. ಜೋಡಿಸಿದ ಪಟ್ಟಿಯಲ್ಲಿ ಮಂಜಗುಣಿಯಾಗಲಿ ಅಂಕೋಲೆಯಾಗಲಿ ಬರಕೂಡದು. ಜಿಲ್ಲೆಯ ಹೆಸರು ಸಾಕು. ರೋಗಿಗಳು ಐದಾರು ಮಂದಿಗಿಂತ ಕಡಿಮೆಯಿದ್ದಲ್ಲಿ ಜಿಲ್ಲೆಯೂ ಬೇಡ, ಕರಾವಳಿಯೆಂದರೆ ಸಾಕು. ಹುಟ್ಟಿದ ದಿನದ ಬದಲು ವಯಸ್ಸಿನ ಗುಂಪು. ಜಾತಿಯ ಕಲಮು ಬೇಕೇಬೇಕೆನ್ನುವ ಸಂಶೋಧಕನು ಏಕೆ ಬೇಕೆಂಬುದನ್ನು ಬರೆದುಕೊಟ್ಟು ಅಪ್ಪಣೆ ಪಡೆಯಲಿ. ಪಟ್ಟಿಯು ಸಂಶೋಧಕನ ಮನೆಗೆ ಹೋಗುವದು ಬೇಡ, ಸಂಶೋಧಕನೇ ಪಟ್ಟಿಯಿರುವಲ್ಲಿಗೆ ಬರಲಿ. ಹೋಗುವಾಗ ಮೊತ್ತಗಳನ್ನು ಒಯ್ಯಲಿ. ಔಷಧ ಬಂದ ದಿನ ಸಂಕೇತವು ಮೂರನೆಯವರ ಮೂಲಕ ಮೊದಲು ನೋಡಿದ ದವಾಖಾನೆಗೆ ಹಿಂದಿರುಗಲಿ. ರೋಗಿಯ ಮನೆಗೆ ಸುದ್ದಿಯನ್ನು ಮುಟ್ಟಿಸುವದು ಅವನ ಸ್ವಂತ ವೈದ್ಯನ ಕೆಲಸ.

ಕಾಯದೆಯ ಬಲವು ನಮಗೆ ಸ್ವಲ್ಪಮಟ್ಟಿಗೆ ಇರುವದು. ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಮುಪ್ಪಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಲೇರಿದರು. 2017ರ ಆಗಸ್ಟ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. 2024ರಲ್ಲಿ ತೀರಿಕೊಂಡ ಆ ಹಿರಿಯರ ಹೆಸರು ಇಂದು ಲೋಕದ ನ್ಯಾಯಶಾಸ್ತ್ರದ ಗ್ರಂಥಗಳಲ್ಲಿರುವದು ಕನ್ನಡಿಗರಿಗೆ ಅಭಿಮಾನದ ಸಂಗತಿ. ಆದರೆ 2023ರಲ್ಲಿ ಪಾರ್ಲಿಮೆಂಟು ಮಾಡಿದ ವೈಯಕ್ತಿಕ ಮಾಹಿತಿಯ ರಕ್ಷಣೆಯ ಕಾಯದೆಯು ನಮಗೆ ಅಷ್ಟು ಸಮಾಧಾನ ಕೊಡಲಿಲ್ಲ. ಆರೋಗ್ಯದ ಮಾಹಿತಿಯನ್ನು ಅದು ವಿಶೇಷ ನಾಜೂಕಿನದೆಂದು ಪ್ರತ್ಯೇಕಿಸುವದಿಲ್ಲ. ಸಂಶೋಧನೆಗೂ ಅಂಕಿಸಂಖ್ಯೆಗಳಿಗೂ ಅದರಲ್ಲಿ ವಿನಾಯಿತಿಯುಂಟು. 2025ರ ನವೆಂಬರದಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಕಲಮುಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು ಕೊಟ್ಟವು.

ಪಟ್ಟಿಯಲ್ಲಿ ಹೆಸರು ಬೀಳುವದೆಂದರೇನೆಂಬುದು ಅಂಕೋಲೆಯವರಿಗೆ ಹೊಸ ಪಾಠವಲ್ಲ. 1930ರ ಏಪ್ರಿಲದಲ್ಲಿ ಇಲ್ಲಿಯ ಕಡಲದಂಡೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಹಿಂದೆಯೇ ಬಂದ ಕರನಿರಾಕರಣೆಯಲ್ಲಿ ಈ ತಾಲೂಕು ಕರ್ನಾಟಕದ ಬಾರ್ಡೋಲಿಯೆನಿಸಿತು. ಭೂಕಂದಾಯದ ಪುಸ್ತಕದಲ್ಲಿ ಹೆಸರಿದ್ದವರ ಹೊಲಮನೆಗಳೇ ಜಪ್ತಿಯಾಗಿ ಹರಾಜಿಗೆ ಬಂದವು. ಕಂದಾಯದ ಲೆಕ್ಕಕ್ಕೆಂದು ಬರೆದ ಪುಸ್ತಕವು ದಂಡನೆಯ ಆಯುಧವಾಯಿತು. ಸ್ವರಾಜ್ಯದ ಸರಕಾರವು ನಮ್ಮದೇ ನಿಜ. ಪುಸ್ತಕದ ಸ್ವಭಾವವು ಮಾತ್ರ ಆಳುವವರ ಬಣ್ಣದೊಂದಿಗೆ ಬದಲಾಗುವದಿಲ್ಲ.

ಎರಡನೆಯ ಕೀಲಿಕೈ ಯಾರ ಬಳಿಯಿರಬೇಕೆಂದು ಕೇಳಿದರೆ ನಮ್ಮ ಸೂಚನೆ ಹೀಗಿದೆ. ಪೋಲೀಸು, ಕಂದಾಯ, ವಿಮೆ, ಸಹಾಯಧನ ಈ ನಾಲ್ಕರಲ್ಲಿ ಯಾವ ಖಾತೆಗೂ ಅದು ಸೇರಬಾರದು. ಬೆಂಗಳೂರಿನಲ್ಲಿ ಆರೋಗ್ಯವಿಜ್ಞಾನಗಳಿಗೆಂದೇ ರಾಜೀವ ಗಾಂಧಿ ವಿಶ್ವವಿದ್ಯಾಲಯವಿರುವದು. ರೋಗಿಯನ್ನು ನೋಡದ, ಸಹಾಯಧನವನ್ನು ಹಂಚದ ಅಂಥ ಸಂಸ್ಥೆಯೊಂದು, ರೋಗಿಗಳ ಕುಟುಂಬದವರನ್ನೂ ಸೇರಿಸಿಕೊಂಡ ಸಮಿತಿಯ ಮೂಲಕ ಅದನ್ನು ಕಾಯಲಿ. ಕೀಲಿಕೈಯನ್ನು ಎಷ್ಟು ಸಲ, ಯಾರಿಗಾಗಿ ತೆಗೆಯಲಾಯಿತೆಂಬುದನ್ನು ವರ್ಷಕ್ಕೊಮ್ಮೆ ಪ್ರಕಟಿಸಲಿ. ಗೋವೆಯ ಸರಕಾರದೊಡನೆ ಒಪ್ಪಂದವಾಗದೆ ಈ ಕೆಲಸವು ಪೂರ್ತಿಯಾಗದು. ಕಾರವಾರದ ರೋಗಿಗೆ ರಾಜ್ಯದ ಗಡಿಯು ಕಾಳೀ ಹೊಳೆಯ ಸೇತುವೆಯಾಚೆ ಸಿಕ್ಕುವ ಒಂದು ನಾಕೆ, ಅಷ್ಟೆ.

ಇನ್ನು ಒಪ್ಪಿಗೆಯ ಪತ್ರ. ಇಂಗ್ಲಿಷಿನ ನಾಲ್ಕು ಪುಟಗಳ ಕೆಳಗೆ ಹೆಬ್ಬೆರಳು ಒತ್ತಿಸಿಕೊಳ್ಳುವದನ್ನು ಒಪ್ಪಿಗೆಯೆನ್ನಲಾಗದು. ಪತ್ರವು ಕನ್ನಡದಲ್ಲಿರಲಿ, ಕೊಂಕಣಿ ಮಾತಾಡುವ ಮನೆಗಳಲ್ಲಿ ಕೊಂಕಣಿಯಲ್ಲಿ ಓದಿ ಹೇಳಲಿ, ಒಂದು ಪುಟ ಮೀರದಿರಲಿ. ದಾಖಲೆಯು ಎಲ್ಲೆಲ್ಲಿಗೆ ಹೋಗುವದು, ಯಾರು ನೋಡುವರು, ಬೇಡವೆಂದರೆ ಹೇಗೆ ಹಿಂದಕ್ಕೆ ಪಡೆಯುವದು, ಹಿಂದಕ್ಕೆ ಪಡೆದರೂ ಚಿಕಿತ್ಸೆ ನಿಲ್ಲುವದಿಲ್ಲವೆಂಬುದು, ಇಷ್ಟನ್ನು ಅದು ಹೇಳಲಿ. ಮಗುವಿನ ಪರವಾಗಿ ತಂದೆತಾಯಿಗಳು ಸಹಿ ಮಾಡಿದ್ದರೆ, ಅದು ಹದಿನೆಂಟು ತುಂಬಿದ ವರ್ಷ ಆ ಪತ್ರವನ್ನು ಅದರ ಕೈಗೇ ಕೊಟ್ಟು ಮತ್ತೊಮ್ಮೆ ಕೇಳತಕ್ಕದ್ದು.